ತೋಟದ ಮನೆಗೆ ಕಳ್ಳ ನುಗ್ಗಿದರೆ ಎಷ್ಟು ಹೊಡೆಯಬಹುದು?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಊರು. ಊರಿನಿಂದ ಸ್ವಲ್ಪ ದೂರ ತೋಟದಲ್ಲೇ ಮನೆ ಮಾಡಿಕೊಂಡಿದ್ದೇವೆ. ನಾನು, ಹೆಂಡತಿ, ವಯಸ್ಸಾದ ತಾಯಿ ಇರುತ್ತೇವೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಕಣದಲ್ಲಿ ಒಣಹಾಕಿದ ಅಡಿಕೆ, ಗೋದಾಮಿನಲ್ಲಿ ತುಂಬಿಟ್ಟ ಚೀಲ ಎರಡಕ್ಕೂ ಕಳ್ಳರ ಕಾಟ. ಹೋದ ವರ್ಷ ಪಕ್ಕದ ತೋಟದಲ್ಲಿ ಕಾವಲಿದ್ದವರಿಗೆ ಮಚ್ಚು ತೋರಿಸಿ ಹೆದರಿಸಿದ್ದಾರೆ. ‘ಕಳ್ಳನ್ನ ಹೊಡೆದು ಹಾಕಿದರೂ ಕಾನೂನು ನಮ್ಮ ಕಡೆ’ ಎನ್ನುತ್ತಾರೆ ಕೆಲವರು. ‘ಒಂದೇಟು ಹಾಕಿದರೂ ಜೈಲಿಗೆ ಹೋಗೋದು ನೀನೇ’ ಎನ್ನುತ್ತಾರೆ ಇನ್ನು ಕೆಲವರು. ಯಾವುದು ನಿಜ? ಬೇಲಿಗೆ ರಾತ್ರಿ ಹೊತ್ತು ಕರೆಂಟ್ ಬಿಡಬಹುದೇ? ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳುತ್ತಾಳೆ, ಅದರಿಂದ ಅವಳಿಗೇನಾದರೂ ತೊಂದರೆಯೇ?

ಉತ್ತರ: ಮೊದಲು ನೇರವಾದ ಉತ್ತರ ಕೊಡುತ್ತೇನೆ, ಆಮೇಲೆ ವಿವರ. ಕಣದಿಂದ ಅಡಿಕೆ ಚೀಲ ಹೊತ್ತು ಹೊರಟವನನ್ನು ನೀವು ತಡೆಯಬಹುದು, ಚೀಲ ಕಿತ್ತುಕೊಳ್ಳಬಹುದು, ಅದಕ್ಕೆ ಬೇಕಾದಷ್ಟು ಬಲ ಬಳಸಬಹುದು, ಹಿಡಿದು ಪೊಲೀಸರಿಗೆ ಒಪ್ಪಿಸಬಹುದು. ಬರೀ ಚೀಲಕ್ಕಾಗಿ ಅವನ ಜೀವ ತೆಗೆಯುವಂತಿಲ್ಲ. ಅದೇ ಮನುಷ್ಯ ನಿಮ್ಮತ್ತ ಮಚ್ಚು ಬೀಸಿದರೆ, ಅಥವಾ ರಾತ್ರಿ ಬಾಗಿಲು ಒಡೆದು ಮನೆಯೊಳಗೆ ನುಗ್ಗಿದರೆ, ಅವನನ್ನು ತಡೆಯಲು ಬೇರೆ ದಾರಿಯಿಲ್ಲದೆ ಕೊಟ್ಟ ಪೆಟ್ಟಿಗೆ ಅವನು ಸತ್ತರೂ ಅದು ಅಪರಾಧವಲ್ಲ. ಅವನು ಕೈಬಿಟ್ಟು ಓಡತೊಡಗಿದ ಮೇಲೆ ಕೊಟ್ಟ ಏಟಿಗೆ ಮಾತ್ರ ನೀವೇ ಜವಾಬ್ದಾರರು. ನಿಮ್ಮ ಊರಿನವರ ಎರಡು ಮಾತುಗಳ ನಡುವೆ ಇಷ್ಟು ಅಂತರ ಇದೆ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ಕಾನೂನಿನಲ್ಲಿ 96ರಿಂದ 106ರವರೆಗೆ ಇದ್ದ ಖಾಸಗಿ ರಕ್ಷಣೆಯ ಹಕ್ಕು ಹೊಸದರಲ್ಲಿ 34ರಿಂದ 44ನೇ ಕಲಂಗಳಲ್ಲಿದೆ. ಅಂಕಿ ಬದಲಾಗಿದೆ, ತಿರುಳು ಬಹುಮಟ್ಟಿಗೆ ಹಾಗೇ ಇದೆ. ಹಾಗಾಗಿ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳು ಇವತ್ತಿಗೂ ದಾರಿ ತೋರಿಸುತ್ತವೆ. ಈ ಕಲಂಗಳ ಮೂಲ ಕರಡು 1837ರಷ್ಟು ಹಳೆಯದು, ಮೆಕಾಲೆ ನೇತೃತ್ವದ ಆಯೋಗದ್ದು. ಈ ದೇಶದ ಜನ ದರೋಡೆಕೋರರ ಹಾವಳಿಯನ್ನು ಬಾಯಿ ಮುಚ್ಚಿ ಸಹಿಸುತ್ತಾರೆ, ಅವರಿಗೆ ಎದುರಿಸುವ ಧೈರ್ಯ ಬರಬೇಕು, ಆದ್ದರಿಂದ ಹಕ್ಕಿಗೆ ಕಟ್ಟುಪಾಡು ಕಡಿಮೆ ಇರಲಿ ಎಂಬುದು ಆಯೋಗದ ಆಲೋಚನೆಯಾಗಿತ್ತು. ಅಂದಿನ ಆಳುವವರ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಈ ಹಕ್ಕಿನ ವಿಷಯದಲ್ಲಿ ನಮ್ಮ ಕಾನೂನು ಜಿಪುಣತನ ಮಾಡಿಲ್ಲ. ಜನ ಅದನ್ನು ತಿಳಿದಿಲ್ಲ ಎಂಬುದೇ ನನಗೆ ಬೇಸರದ ಸಂಗತಿ. ತಿಳಿಯದೆ ಕೆಲವರು ಕೈಕಟ್ಟಿ ನಿಂತು ಪೆಟ್ಟು ತಿನ್ನುತ್ತಾರೆ, ಕೆಲವರು ಕೈಮೀರಿ ಹೊಡೆದು ಸೆಷನ್ಸ್ ಕೋರ್ಟಿನ ಕಟಕಟೆಗೆ ಬರುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ಕಣ, ಗೋದಾಮು, ಮನೆ ಎಂದು ಮೂರು ಜಾಗ ಬಂದಿವೆ. ಕಾನೂನಿನ ಕಣ್ಣಿಗೆ ಈ ಮೂರೂ ಒಂದೇ ಅಲ್ಲ.

ಕಣ ಬಯಲು. ಅಲ್ಲಿಂದ ಅಡಿಕೆ ಎತ್ತಿದರೆ ಅದು ಸಾದಾ ಕಳವು. ಕಳವು, ನಷ್ಟ ಉಂಟುಮಾಡುವುದು, ಅತಿಕ್ರಮ ಪ್ರವೇಶ ಇವುಗಳ ವಿರುದ್ಧ ಆಸ್ತಿ ಕಾಯ್ದುಕೊಳ್ಳುವ ಹಕ್ಕು 35ನೇ ಕಲಮಿನಲ್ಲಿದೆ. ಆ ಹಕ್ಕು ಸಾವಿನ ಮಟ್ಟಕ್ಕೆ ಹೋಗುವುದಿಲ್ಲ ಎನ್ನುತ್ತದೆ 42ನೇ ಕಲಂ. ಇದಕ್ಕೆ ಒಂದು ವಿನಾಯಿತಿ ಇದೆ, ನಿಮ್ಮ ನೆರೆಯ ತೋಟದಲ್ಲಿ ಆದದ್ದು ಅದೇ. ಕಳವಿಗೆ ಬಂದವನು ಮಚ್ಚು ತೋರಿಸಿ ‘ಸುಮ್ಮನಿರು, ಇಲ್ಲದಿದ್ದರೆ ಕಡಿಯುತ್ತೇನೆ’ ಎಂದ ಗಳಿಗೆಗೆ ಅದು ಸುಲಿಗೆ ಆಗುತ್ತದೆ. 41ನೇ ಕಲಮಿನ ಪಟ್ಟಿಯಲ್ಲಿ ಮೊದಲಿರುವುದೇ ಸುಲಿಗೆ. ಆಗ ನಿಮ್ಮ ಹಕ್ಕು ಸಾವಿನವರೆಗೂ ವಿಸ್ತರಿಸುತ್ತದೆ. ಸುಲಿಗೆ ಎನಿಸಿಕೊಳ್ಳದಿದ್ದರೂ, ಈಗ ತಡೆಯದಿದ್ದರೆ ನಮ್ಮಲ್ಲಿ ಯಾರಾದರೂ ಸಾಯಬಹುದು ಅಥವಾ ತೀವ್ರ ಗಾಯ ಆಗಬಹುದು ಎಂಬ ಭಯಕ್ಕೆ ಸಕಾರಣ ಇದ್ದ ಕಳವಿಗೂ ಇದೇ ಅನ್ವಯ.

ಗೋದಾಮು ಮತ್ತು ಮನೆ ಕಟ್ಟಡಗಳು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುನ್ನ, ಬೀಗ ಒಡೆದೋ ಹೆಂಚು ತೆಗೆದೋ ಒಳನುಗ್ಗಿದರೆ ಅದು ರಾತ್ರಿ ಕನ್ನ. ಜನ ವಾಸ ಮಾಡುವ ಮನೆಯಷ್ಟೇ ಅಲ್ಲ, ಮಾಲು ಕಾಪಾಡಲು ಇಟ್ಟ ಕಟ್ಟಡಕ್ಕೂ ಇದು ಅನ್ವಯಿಸುತ್ತದೆ. ಇದೂ 41ನೇ ಕಲಮಿನ ಪಟ್ಟಿಯಲ್ಲಿದೆ. ಮನೆಗೆ ಅಥವಾ ಗೋದಾಮಿಗೆ ಬೆಂಕಿ ಇಡುವುದು, ಸ್ಫೋಟಕ ಇಡುವುದು ಸಹ ಅದೇ ಪಟ್ಟಿಯಲ್ಲಿವೆ. ಸ್ಫೋಟಕದ ಮಾತು ಹೊಸ ಸಂಹಿತೆಯಲ್ಲಿ ಸೇರಿದ್ದು.

ಇಲ್ಲಿ ಬಹಳ ಜನ ಎಡವುತ್ತಾರೆ. ಪಟ್ಟಿಯಲ್ಲಿ ಇದೆ ಅಂದಮಾತ್ರಕ್ಕೆ ಬಂದವನನ್ನು ಕೊಂದುಬಿಡಲು ಪರವಾನಗಿ ಸಿಕ್ಕಂತಲ್ಲ. 41ರ ಮೇಲೆ 37ನೇ ಕಲಮಿನ ಹಿಡಿತ ಸದಾ ಇರುತ್ತದೆ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎಂಬುದು ಅದರ ಷರತ್ತು. ಗೋದಾಮಿಗೆ ಕನ್ನ ಹಾಕಿದ ಹದಿನೇಳರ ಹುಡುಗ ನಿಮ್ಮ ಟಾರ್ಚ್ ಬೆಳಕಿಗೆ ಮೂಲೆಯಲ್ಲಿ ಮುದುಡಿ ಕುಳಿತಿದ್ದರೆ, ಅವನ ತಲೆಗೆ ಗುದ್ದಲಿ ಬೀಸುವುದನ್ನು ಯಾವ ನ್ಯಾಯಾಧೀಶರೂ ರಕ್ಷಣೆ ಎನ್ನಲಾರರು. ಹೊರಗಿನಿಂದ ಬಾಗಿಲು ಹಾಕಿ ಚಿಲಕ ಜಡಿದರೆ ಅಲ್ಲಿಗೆ ನಿಮ್ಮ ರಕ್ಷಣೆ ಮುಗಿಯಿತು. ಸರ್ಕಾರದ ರಕ್ಷಣೆ ಪಡೆಯಲು ಸಮಯ ಇದ್ದಾಗ ಈ ಹಕ್ಕಿಲ್ಲ ಎಂದೂ ಅದೇ 37ನೇ ಕಲಂ ಹೇಳುತ್ತದೆ. ಊರಾಚೆಯ ತೋಟದಲ್ಲಿ ನಡುರಾತ್ರಿ ಪೊಲೀಸರು ಬರುವಷ್ಟು ಹೊತ್ತು ಕಳ್ಳ ಕಾಯುವುದಿಲ್ಲ ಎಂಬುದು ಕೋರ್ಟಿಗೂ ಗೊತ್ತು. ಆದರೆ ‘ನಾಳೆ ರಾತ್ರಿ ಬರುತ್ತಾರಂತೆ’ ಎಂದು ಇವತ್ತೇ ಸುಳಿವು ಸಿಕ್ಕಿದ್ದು, ಠಾಣೆಗೆ ತಿಳಿಸದೆ ಹತ್ತು ಜನ ದೊಣ್ಣೆ ಹಿಡಿದು ಹೊಂಚು ಹಾಕಿ ಕುಳಿತರೆ, ಆ ಸುಳಿವೇ ನಿಮ್ಮ ವಿರುದ್ಧ ಸಾಕ್ಷಿಯಾಗಬಹುದು.

ಇನ್ನು ಮೈಮೇಲೆ ಬಂದ ಅಪಾಯ. ಇದು 38ನೇ ಕಲಮಿನ ವಿಷಯ. ಸಾವಿನ ಭಯ, ತೀವ್ರ ಗಾಯದ ಭಯ, ಅತ್ಯಾಚಾರದ ಉದ್ದೇಶ, ಅಸ್ವಾಭಾವಿಕ ಲೈಂಗಿಕ ಹಲ್ಲೆ, ಅಪಹರಣ, ಬಿಡಿಸಿಕೊಳ್ಳಲು ಪೊಲೀಸರ ನೆರವೂ ಸಿಗದಂತೆ ಕೂಡಿಹಾಕುವುದು, ಆ್ಯಸಿಡ್ ದಾಳಿ. ಈ ಏಳು ಸಂದರ್ಭಗಳಲ್ಲಿ ಹಲ್ಲೆಕೋರ ಸತ್ತರೂ ಅಪರಾಧವಲ್ಲ. ಆ್ಯಸಿಡ್ ದಾಳಿಯನ್ನು ಸೇರಿಸಿದ್ದು 2013ರ ತಿದ್ದುಪಡಿ. ಮೂಳೆ ಅಥವಾ ಹಲ್ಲು ಮುರಿಯುವುದು, ಕಣ್ಣು ಹೋಗುವುದು, ಜೀವಕ್ಕೆ ಅಪಾಯ ತರುವ ಗಾಯ, 15 ದಿನ ತೀವ್ರ ನೋವಿನಲ್ಲಿ ನರಳುವಂಥ ಗಾಯ ಇವೆಲ್ಲ ‘ತೀವ್ರ ಗಾಯ’ಕ್ಕೆ ಸೇರುತ್ತವೆ. ಹಳೆಯ ಕಾನೂನಿನಲ್ಲಿ ಇದು 20 ದಿನ ಇತ್ತು. ಅಂದರೆ ತಲೆಗೆ ಗುರಿಯಿಟ್ಟು ದೊಣ್ಣೆ ಎತ್ತಿದವನೂ ಈ ಲೆಕ್ಕಕ್ಕೆ ಬರುತ್ತಾನೆ, ಮಚ್ಚೇ ಇರಬೇಕೆಂದಿಲ್ಲ.

ಈ ಹಕ್ಕು ನಿಮ್ಮ ಮೈಗಷ್ಟೇ ಅಲ್ಲ. ಹೆಂಡತಿ, ತಾಯಿ, ಕೂಲಿಯಾಳು, ದಾರಿಹೋಕ, ಯಾರ ಜೀವ ಉಳಿಸಲೂ ನೀವು ಕೈ ಎತ್ತಬಹುದು. 1960ರ ಸುಮಾರಿಗೆ ಸುಪ್ರೀಂ ಕೋರ್ಟಿನ ಮುಂದೆ ಬಂದ ವಿಶ್ವನಾಥ ಪ್ರಕರಣದಲ್ಲಿ ಅಕ್ಕನನ್ನು ಅವಳ ಗಂಡ ಬಲವಂತವಾಗಿ ಎಳೆದೊಯ್ಯುತ್ತಿದ್ದಾಗ ತಮ್ಮ ಒಮ್ಮೆ ಚಾಕು ಹಾಕಿದ್ದ, ಭಾವ ಸತ್ತಿದ್ದ. ಬಲವಂತವಾಗಿ ಎಳೆದೊಯ್ಯುವ ಉದ್ದೇಶದ ಹಲ್ಲೆ ಇದ್ದರೆ ಸಾಕು, ತಮ್ಮನ ಹಕ್ಕು ಸಾವಿನವರೆಗೂ ಹೋಗುತ್ತದೆ ಎಂದು ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಗಂಡ ಎಂಬ ಕಾರಣಕ್ಕೆ ಹೆಂಡತಿಯನ್ನು ದರದರ ಎಳೆಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಆ ಕಾಲದಲ್ಲೇ ಹೀಗೆ ತೀರ್ಮಾನವಾಗಿತ್ತು. ಇದನ್ನು ಇನ್ನಷ್ಟು ಜನ ತಿಳಿಯಬೇಕು.

‘ಮೊದಲ ಏಟು ಅವನೇ ಹಾಕಲಿ ಅಂತ ಕಾಯಬೇಕಾ?’ ಎಂದು ಕಕ್ಷಿದಾರರು ಕೇಳುವುದುಂಟು. ಬೇಡ. 40ನೇ ಕಲಮಿನ ಪ್ರಕಾರ, ಅಪಾಯ ಬರುತ್ತಿದೆ ಎಂಬ ಭಯಕ್ಕೆ ಸಕಾರಣ ಹುಟ್ಟಿದ ಕೂಡಲೇ ಹಕ್ಕು ಶುರುವಾಗುತ್ತದೆ, ಆ ಭಯ ಇರುವವರೆಗೂ ಇರುತ್ತದೆ. ಓಡಿಹೋಗಲು ದಾರಿ ಇದ್ದೂ ಓಡಲಿಲ್ಲ ಎಂಬುದೂ ತಪ್ಪಲ್ಲ. ಹೇಡಿಯಂತೆ ಬೆನ್ನು ತೋರಿಸಬೇಕೆಂದು ನಮ್ಮ ಕಾನೂನು ಬಯಸುವುದಿಲ್ಲ.

ಬಲದ ಅಳತೆಯ ವಿಷಯದಲ್ಲೂ ಕೋರ್ಟುಗಳು ಮನುಷ್ಯನ ಸ್ವಭಾವ ಬಲ್ಲವು. 1973ರಲ್ಲಿ ವರದಿಯಾದ ದೇವ ನಾರಾಯಣ ಪ್ರಕರಣದಲ್ಲಿ ತಲೆಗೆ ಲಾಠಿಯೇಟು ತಿಂದವನು ಭರ್ಜಿಯಿಂದ ತಿವಿದಿದ್ದ. ಅವನು ಲಾಠಿಗೆ ಭರ್ಜಿ ಬಳಸಿ ಮಿತಿ ಮೀರಿದ ಎಂದಿತ್ತು ಹೈಕೋರ್ಟ್. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಲೆಗೆ ಬೀಳುವ ಲಾಠಿಯೇಟೂ ಪ್ರಾಣ ತೆಗೆಯಬಲ್ಲದು, ಆ ಹೊತ್ತಿನಲ್ಲಿ ಆಯುಧಕ್ಕೆ ಆಯುಧ ಸರಿಹೊಂದಿಸುತ್ತಾ ಕೂರಲಾಗದು ಎಂದಿತು. 2010ರ ದರ್ಶನ್ ಸಿಂಗ್ ತೀರ್ಪು ಈ ವಿಷಯದಲ್ಲಿ ನಮ್ಮಂಥ ವಕೀಲರು ಪದೇಪದೇ ತೆರೆಯುವ ತೀರ್ಪು. ಪಂಜಾಬಿನ ಜಮೀನು ಜಗಳವೊಂದರಲ್ಲಿ ತಂದೆಯ ಮೇಲೆ ಗಂಡಾಸ ಎಂಬ ಮಚ್ಚಿನಂಥ ಆಯುಧದಿಂದ ಹಲ್ಲೆ ಆಗುತ್ತಿದ್ದಾಗ ಮಗ ಪರವಾನಗಿ ಇದ್ದ ಬಂದೂಕಿನಿಂದ ಗುಂಡು ಹಾರಿಸಿದ್ದ. ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಮತ್ತೆ ಬಿಡುಗಡೆ ಮಾಡಿತು. ಪ್ರಾಣಭಯದಲ್ಲಿರುವವನ ಪೆಟ್ಟನ್ನು ಆಮೇಲೆ ತಣ್ಣಗೆ ಕುಳಿತು ತಕ್ಕಡಿಯಲ್ಲಿಟ್ಟು ತೂಗಬಾರದು ಎಂಬುದು ಆ ತೀರ್ಪಿನ ಸಾರ. ಇದು ಪ್ರತೀಕಾರದ ಹಕ್ಕಲ್ಲ ಎಂದೂ ಅದೇ ತೀರ್ಪು ಒತ್ತಿ ಹೇಳಿದೆ.

ನಾನು ನೋಡಿರುವ ಪ್ರಕರಣಗಳಲ್ಲಿ ಸೋಲು ಹೆಚ್ಚಾಗಿ ಬರುವುದು ಇಲ್ಲೇ, ಅವನು ಬೆನ್ನು ತಿರುಗಿಸಿದ ಮೇಲೆ. ಎದುರಾಎದುರಿ ಬಡಿದಾಡಿದ ಮೊದಲ ಏಟಿಗೆ ಸಮರ್ಥನೆ ಇರುತ್ತದೆ. ಕಳ್ಳ ಮಚ್ಚು ಬಿಸಾಡಿ ಓಡುತ್ತಾನೆ, ಇವರು ಸಿಟ್ಟಿನಲ್ಲಿ ಅಟ್ಟಿಸಿಕೊಂಡು ಹೋಗಿ ಬೆನ್ನಿಗೆ, ತಲೆಯ ಹಿಂಭಾಗಕ್ಕೆ ಹೊಡೆಯುತ್ತಾರೆ. ಗಾಯ ಎಲ್ಲಿದೆ ಎಂದು ಮರಣೋತ್ತರ ವರದಿ ಹೇಳಿಬಿಡುತ್ತದೆ. 1963ರ ಜೈ ದೇವ್ ಪ್ರಕರಣದಲ್ಲಿ ಜಮೀನು ಆರೋಪಿಗಳ ಸ್ವಾಧೀನದಲ್ಲೇ ಇತ್ತು, ನುಗ್ಗಿ ಬಂದವರನ್ನು ತಡೆಯುವ ಹಕ್ಕೂ ಇತ್ತು. ಬಂದವರು ದಿಕ್ಕಾಪಾಲಾಗಿ ಓಡತೊಡಗಿದ ಮೇಲೂ ಗುಂಡು ಹಾರಿಸಿದ್ದರಿಂದ ಅವರು ಅಪರಾಧಿಗಳೆಂಬ ತೀರ್ಪು ಖಾಯಂ ಆಯಿತು. ಚೀಲ ಹೊತ್ತೇ ಓಡುತ್ತಿರುವ ಕಳ್ಳನ ವಿಷಯ ಸ್ವಲ್ಪ ಬೇರೆ. ಅವನು ಮಾಲಿನೊಂದಿಗೆ ತಪ್ಪಿಸಿಕೊಳ್ಳುವವರೆಗೆ, ಅಥವಾ ಮಾಲು ನಿಮ್ಮ ಕೈಸೇರುವವರೆಗೆ ಆಸ್ತಿ ರಕ್ಷಣೆಯ ಹಕ್ಕು ಮುಂದುವರಿಯುತ್ತದೆ ಎನ್ನುತ್ತದೆ 43ನೇ ಕಲಂ. ಬೆನ್ನಟ್ಟಬಹುದು, ಕೆಡವಿ ಹಿಡಿಯಬಹುದು. ಆದರೆ ಅದು ಮಾಲು ಬಿಡಿಸಿಕೊಳ್ಳಲು ಬೇಕಾದಷ್ಟೇ ಬಲ, ಜೀವಕ್ಕೆ ಕೈಹಾಕುವಂತಿಲ್ಲ.

ಹಿಡಿದ ಮೇಲೆ ಏನು? ತೆಂಗಿನ ಮರಕ್ಕೆ ಕಟ್ಟಿ ಊರೆಲ್ಲ ಸೇರಿ ಬಡಿಯುವ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತವೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕಟ್ಟಿಹಾಕಿದವನಿಂದ ಯಾವ ಅಪಾಯವೂ ಇಲ್ಲ, ಆದ್ದರಿಂದ ರಕ್ಷಣೆಯ ಹಕ್ಕೂ ಇಲ್ಲ. ಅವನು ಸತ್ತರೆ ಅಲ್ಲಿ ಸೇರಿ ಕೈಜೋಡಿಸಿದ ಎಲ್ಲರ ಮೇಲೂ ಕೊಲೆ ಆರೋಪ ಬರಬಹುದು, ಒಂದೇಟು ಹಾಕಿದವನ ಮೇಲೂ. ಮೊಬೈಲಿನಲ್ಲಿ ತೆಗೆದ ಆ ವಿಡಿಯೊವೇ ಸಾಕ್ಷಿ. ನಿಮ್ಮ ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ನೀವೇ ಹಿಡಿಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅಧಿಕಾರ ಕೊಡುತ್ತದೆ. ಹಿಡಿದು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬೆಳಗ್ಗೆ ಪಂಚಾಯಿತಿ ಸೇರಿಸಿ ದಂಡ ಹಾಕಿ ಆಮೇಲೆ ನೋಡೋಣ ಎಂದರೆ ಅಕ್ರಮ ಬಂಧನದ ಕೇಸು ನಿಮ್ಮ ತಲೆಗೆ ಬರುತ್ತದೆ.

ಒಂದು ವೇಳೆ ಭಯದಲ್ಲಿ, ಸದುದ್ದೇಶದಿಂದಲೇ, ಮಿತಿ ದಾಟಿ ಹೊಡೆದು ಅವನು ಸತ್ತರೆ? ಅದಕ್ಕೂ ಕಾನೂನು ಜಾಗ ಇಟ್ಟಿದೆ. ದ್ವೇಷ, ಪೂರ್ವಯೋಜನೆ ಇಲ್ಲದೆ, ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿಲ್ಲದೆ ಹಕ್ಕನ್ನು ಮೀರಿದ್ದರೆ ಅದು ಕೊಲೆಯಲ್ಲ, ಕೊಲೆಯಲ್ಲದ ಮಾನವ ಹತ್ಯೆ ಎನ್ನುತ್ತದೆ ನ್ಯಾಯ ಸಂಹಿತೆಯ 101ನೇ ಕಲಮಿನ ಎರಡನೇ ವಿನಾಯಿತಿ. ಶಿಕ್ಷೆ ಇರುತ್ತದೆ, ಆದರೆ ಗಲ್ಲು ಇಲ್ಲ.

ಈಗ ಆ ರಾತ್ರಿಯ ನಂತರದ ಮಾತು. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಕ್ಕು ನಿಮ್ಮದಾಗಿದ್ದೂ ಪ್ರಕರಣ ಕೈತಪ್ಪುವುದು ಆಮೇಲಿನ ಕೆಲವು ಗಂಟೆಗಳಲ್ಲಿ. ಗಾಯಗೊಂಡವನನ್ನು ಬಿಟ್ಟು ಓಡಬೇಡಿ. 112ಕ್ಕೆ ನೀವೇ ಮೊದಲು ಕರೆ ಮಾಡಿ, ಕರೆಯ ಹೊತ್ತು ದಾಖಲಾಗುತ್ತದೆ. ಅವನಿಗೂ ಆಂಬುಲೆನ್ಸ್ ಕರೆಸಿ. ಅವನ ಮಚ್ಚು, ಒಡೆದ ಬೀಗ, ಚೀಲ ಇದ್ದಲ್ಲೇ ಇರಲಿ. ಅಂಗಳ ಗುಡಿಸಬೇಡಿ, ರಕ್ತ ತೊಳೆಯಬೇಡಿ, ಪೊಲೀಸರು ಬಂದು ಸ್ಥಳ ಮಹಜರು ಮಾಡಲಿ. ನಿಮಗೆ ಆದ ಗಾಯ ಸಣ್ಣ ಗೀರೇ ಆದರೂ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗೆ ಆಯಿತೆಂದು ವೈದ್ಯರಿಗೆ ಹೇಳಿ, ಗಾಯದ ಪ್ರಮಾಣಪತ್ರದಲ್ಲಿ ಬರೆಸಿ. ಆರೋಪಿಯ ಮೈಮೇಲಿನ ಗಣನೀಯ ಗಾಯಗಳಿಗೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅದರ ಕಥೆಯನ್ನೇ ಅನುಮಾನದಿಂದ ನೋಡಬೇಕಾಗುತ್ತದೆ ಎಂದು 1976ರ ಲಕ್ಷ್ಮೀ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂರು ದಿನ ಬಿಟ್ಟು ತೋರಿಸಿದ ಗಾಯಕ್ಕೆ ಆ ಬಲ ಇರುವುದಿಲ್ಲ. ನಿಮ್ಮ ದೂರನ್ನೂ ಅಂದೇ ಕೊಡಿ. ಎದುರಿನವರ ಕಡೆಯಿಂದ ಎಫ್‌ಐಆರ್ ಆದಮೇಲೆ ನೀವು ಕೊಡುವ ದೂರು ಪ್ರತಿದೂರಿನಂತೆ ಕಾಣುತ್ತದೆ.

ಸಾವಾಗಿದ್ದರೆ ನಿಮ್ಮ ಮೇಲೂ ಎಫ್‌ಐಆರ್ ಆಗುತ್ತದೆ, ಬಂಧನವೂ ಆಗಬಹುದು. ಅದು ನೀವು ತಪ್ಪಿತಸ್ಥರೆಂಬ ತೀರ್ಪಲ್ಲ. ತನಿಖೆಯಲ್ಲಿ ಆತ್ಮರಕ್ಷಣೆ ಸ್ಪಷ್ಟವಾದರೆ ತನಿಖಾಧಿಕಾರಿ ಬಿ ರಿಪೋರ್ಟ್ (ಪ್ರಕರಣ ಮುಗಿಸುವ ವರದಿ) ಹಾಕಬಹುದು, ಆದರೆ ಬಹುತೇಕ ಪ್ರಕರಣಗಳು ವಿಚಾರಣೆಗೇ ಹೋಗುತ್ತವೆ. ಆತ್ಮರಕ್ಷಣೆಯನ್ನು ರುಜುವಾತುಪಡಿಸುವ ಹೊಣೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಂತೆ ಆರೋಪಿಯದ್ದು. ಹೆದರಬೇಡಿ, ಪ್ರಾಸಿಕ್ಯೂಷನ್‌ನಂತೆ ಸಂಶಯಕ್ಕೆ ಎಡೆಯಿಲ್ಲದಷ್ಟು ಸಾಬೀತು ಮಾಡಬೇಕಿಲ್ಲ, ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಅವರದೇ ಸಾಕ್ಷಿಗಳ ಪಾಟೀಸವಾಲಿನಲ್ಲೂ ಅದನ್ನು ಹೊರತೆಗೆಯಬಹುದು. ಗಾಬರಿಯಲ್ಲಿ ‘ನಾನು ಅಲ್ಲಿರಲೇ ಇಲ್ಲ’ ಎಂದು ಮಾತ್ರ ಹೇಳಬೇಡಿ. ಒಮ್ಮೆ ಹಾಗೆಂದರೆ ಆಮೇಲೆ ‘ಇದ್ದೆ, ಜೀವ ಉಳಿಸಿಕೊಳ್ಳಲು ಹೊಡೆದೆ’ ಎನ್ನುವುದು ಕಷ್ಟ. ಆರೋಪಿ ಬಾಯಿಬಿಟ್ಟು ಹೇಳದಿದ್ದರೂ ದಾಖಲೆಯಲ್ಲಿ ಕಂಡರೆ ಕೋರ್ಟ್ ಈ ಹಕ್ಕನ್ನು ಪರಿಗಣಿಸಬಹುದು ಎಂದು 1968ರ ಮುನ್ಷಿ ರಾಮ್ ತೀರ್ಪು ಹೇಳುತ್ತದೆ ನಿಜ. ಅದನ್ನು ನೆಚ್ಚಿ ಸುಳ್ಳು ಹೇಳುವ ಅಪಾಯಕ್ಕೆ ಕೈಹಾಕಬೇಡಿ.

ಬೇಲಿಗೆ ಕರೆಂಟ್ ಬಿಡುವ ಪ್ರಶ್ನೆಗೆ ನನ್ನ ಉತ್ತರ ಒಂದೇ: ಖಂಡಿತ ಬೇಡ. ಇಲಾಖೆಯ ಲೈನಿನಿಂದ ತಂತಿಗೆ ನೇರ ವಿದ್ಯುತ್ ಹರಿಸುವುದನ್ನು ಹಂದಿ ಕಾಟಕ್ಕೆಂದು ಕೆಲವರು ಮಾಡುತ್ತಾರೆ. ಸಾಯುವವರು ಹೆಚ್ಚಾಗಿ ಪಕ್ಕದ ಹೊಲದ ರೈತ, ಹುಲ್ಲಿಗೆ ಬಂದ ಹೆಂಗಸು, ಮನೆಯ ಮಕ್ಕಳು. ಬಿಹಾರದ ಚೆರುಬಿನ್ ಗ್ರೆಗೊರಿ ತನ್ನ ಶೌಚಾಲಯಕ್ಕೆ ನೆರೆಯವರು ಬಾರದಂತೆ ದಾರಿಗೆ ಕರೆಂಟ್ ತಂತಿ ಕಟ್ಟಿದ್ದ. ಒಬ್ಬ ಮಹಿಳೆ ಸತ್ತಳು. ಆಸ್ತಿ ರಕ್ಷಣೆಯ ವಾದವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿ ಶಿಕ್ಷೆ ಎತ್ತಿಹಿಡಿಯಿತು. ಅತಿಕ್ರಮವಾಗಿ ಬಂದವನಾದರೂ ಅವನ ಜೀವಕ್ಕೆ ಬಲೆ ಒಡ್ಡುವಂತಿಲ್ಲ. ತಂತಿಗೆ ಕಳ್ಳ ಯಾರು, ಮಗು ಯಾರು ಗೊತ್ತಾಗುವುದಿಲ್ಲ, ಅಪಾಯ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಮನುಷ್ಯನೇ ಅಲ್ಲಿರುವುದಿಲ್ಲ. ನಿರ್ಲಕ್ಷ್ಯದ ಸಾವಿಗೆ ಆಗ ಗರಿಷ್ಠ ಎರಡು ವರ್ಷ ಶಿಕ್ಷೆ ಇತ್ತು, ಈಗ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷ. ಗೊತ್ತಿದ್ದೂ ಮಾಡಿದಿರೆಂದು ಕಂಡರೆ ಇನ್ನೂ ಭಾರವಾದ ಕಲಂ ಬೀಳುತ್ತದೆ. ಮಾನದಂಡದಂತೆ ಹಾಕಿದ ಸೋಲಾರ್ ಬೇಲಿ, ಕಣಕ್ಕೆ ಒಳ್ಳೆಯ ದೀಪ, ಸಿಸಿಟಿವಿ, ನಾಯಿ, ಅಕ್ಕಪಕ್ಕದ ತೋಟದವರೆಲ್ಲ ಸೇರಿ ಸರದಿ ಕಾವಲು, ಇವು ಸಾಕು. ಮನೆಯಲ್ಲಿರುವ ಕತ್ತಿ, ಮಚ್ಚು ಕೃಷಿಯ ಸಾಮಾನುಗಳು, ಅವಕ್ಕೆ ಪರವಾನಗಿ ಬೇಡ. ಕೋವಿ ಬೇಕಿದ್ದರೆ ಪರವಾನಗಿ ಬೇಕು. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ ಇರುವ ವಿನಾಯಿತಿ ನಿಮಗೆ ಅನ್ವಯಿಸುವುದಿಲ್ಲ. ಅದು ಅವರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ, ಯಾವಾಗ ಹಾರಿಸಬಹುದು ಎಂಬ ಕಾನೂನು ಎಲ್ಲರಿಗೂ ಒಂದೇ.

ಮಗಳ ಪೆಪ್ಪರ್ ಸ್ಪ್ರೇ ಬಗ್ಗೆ. ಇಟ್ಟುಕೊಳ್ಳುವುದು ತಪ್ಪಲ್ಲ, ಇಟ್ಟುಕೊಳ್ಳಲಿ ಎಂದೇ ಹೇಳುತ್ತೇನೆ. ಆದರೆ 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದೇ ಕಂಡು, ಅದನ್ನು ಬಳಸಿದವರ ಮೇಲಿನ ಕೇಸು ರದ್ದುಮಾಡಲು ನಿರಾಕರಿಸಿತು. ಅಲ್ಲಿ ಬಳಸಿದವರ ಜೀವಕ್ಕೆ ತಕ್ಷಣದ ಅಪಾಯ ಮೇಲ್ನೋಟಕ್ಕೆ ಕಾಣಲಿಲ್ಲ ಎಂಬುದು ಕಾರಣ. ಮಾತಿನ ಜಗಳಕ್ಕೆ, ಪಾರ್ಕಿಂಗ್ ತಕರಾರಿಗೆ, ಆಟೊ ಬಾಡಿಗೆಯ ವಾದಕ್ಕೆ ಅದನ್ನು ತೆಗೆಯಬಾರದು ಎಂದು ಮಗಳಿಗೆ ಹೇಳಿ. ಯಾರಾದರೂ ಹಿಂಬಾಲಿಸಿ ಬಂದು ಕೈ ಹಿಡಿದು ಎಳೆದರೆ, ಅಡ್ಡಗಟ್ಟಿ ಮೈಮೇಲೆ ಬಂದರೆ, ಹಿಂದೆಮುಂದೆ ನೋಡದೆ ಬಳಸಲಿ. ಅಂಥ ಹೊತ್ತಿನಲ್ಲಿ ಕೈಗೆ ಸಿಕ್ಕ ಕಲ್ಲೂ ಕೀಲಿಗೊಂಚಲೂ ಅವಳ ಹಕ್ಕಿನ ಸಾಧನವೇ. ಬಳಸಿದ ಮೇಲೆ ಅವನನ್ನು ಒದೆಯುತ್ತಾ ಅಲ್ಲೇ ನಿಲ್ಲುವುದು ಬೇಡ. ಜನರಿರುವ ಕಡೆ ಓಡಿ, 112ಕ್ಕೆ ಕರೆ ಮಾಡಿ, ಅದೇ ರಾತ್ರಿ ದೂರು ಕೊಡಲಿ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯವರು ಝೀರೋ ಎಫ್‌ಐಆರ್ ಬರೆದುಕೊಳ್ಳಬೇಕು. ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಎಂದು ವಾಪಸು ಕಳಿಸಿದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮನ್ನು ಹೆಸರಿಸಿ ಕೇಳಲಿ, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆದುಕೊಂಡೇ ಬರಲಿ.